ಮಕ್ಕಳ ಡಬ್ಬಿ, ಸಾಲಿ ಬಿಸಿಯೂಟ: ನಮ್ಮ ಕಡೆ ಸಿಗೋದ್ರಾಗ ಚಲೋ ಊಟ ಹೆಂಗ ಕೊಡಬೇಕ್ರಿ?

ಸಿಂಧನೂರ_ಅವ್ವ

ನಮಸ್ಕಾರ್ರಿ ಎಲ್ಲಾರಿಗೂ. ಇಬ್ಬರು ಮಕ್ಕಳು ನಮಗ. ದೊಡ್ಡಾಂವ ಏಳನೇ ಕ್ಲಾಸ್, ಸರ್ಕಾರಿ ಸಾಲಿ, ಅಲ್ಲೇ ಬಿಸಿಯೂಟ ಉಣ್ತಾನ. ಸಣ್ಣಾಕಿ ಮೂರನೇ ಕ್ಲಾಸ್, ಇಂಗ್ಲಿಷ್ ಮೀಡಿಯಂ, ಆಕಿಗೆ ದಿನಾ ಡಬ್ಬಿ ಕಟ್ಟಬೇಕು (ಒಂದೇ ಮನ್ಯಾಗ ಎರಡು ಸಾಲಿ ಯಾಕ ಅಂತ ಕೇಳಬ್ಯಾಡ್ರಿ, ಅದು ನಮ್ಮ ಮನಿಯವ್ರ ದೊಡ್ಡ ಪುರಾಣ).

ತ್ರಾಸ ಏನಂದ್ರ ಸಣ್ಣಾಕಿ ಡಬ್ಬಿ ಅರ್ಧಾ ಹಂಗೇ ವಾಪಸ್ ಬರ್ತದ. ಚಿತ್ರಾನ್ನ, ಪುಳಿಯೋಗರೆ, ಟೊಮೆಟೊ ಬಾತು ಹಾಕಿದ್ರ ತಿಂತಾಳ, ರೊಟ್ಟಿ ಹಾಕಿದ್ರ ಮುಟ್ಟಂಗಿಲ್ಲ, ಕೇಳಿದ್ರ ಎಲ್ಲಾರೂ ನೂಡಲ್ಸ್ ತರ್ತಾರ ಸ್ಯಾಂಡ್‌ವಿಚ್ ತರ್ತಾರ ನಾ ಒಬ್ಬಾಕಿ ರೊಟ್ಟಿ ತಿನ್ಲೇನು ಅಂತಾಳ. ಸಾಲಿ ಬಿಟ್ಟ ಕೂಡ್ಲೇ ಹತ್ತು ರೂಪಾಯಿ ಕೇಳಿ ಚಿಪ್ಸ್ ಪಾಕೀಟಿಗೆ ಓಡ್ತಾಳ. ಮೊನ್ನೆ ಸಾಲ್ಯಾಗ ಹೆಲ್ತ್ ಚೆಕಪ್ ಆತು, ಹಿಮೋಗ್ಲೋಬಿನ್ ಕಡಿಮಿ ಅದ, ಸೊಪ್ಪು ಕಾಳು ಕೊಡ್ರಿ ಅಂತ ಚೀಟಿ ಬರ್ದು ಕಳಿಸ್ಯಾರ. ದೊಡ್ಡಾಂವ ಚಲೋ ಉಣ್ತಾನ, ಆದ್ರ ಸಾಂಬಾರ್ ನೀರ್ ನೀರ್ ಇರ್ತದ ಅಂತಾನ, ಅದನ್ನ ಹೋಗಿ ಕೇಳ್ಬೇಕೋ ಬ್ಯಾಡೋ, ಕೇಳಿದ್ರ ಯಾರನ್ನ ಕೇಳ್ಬೇಕು, ಅದೂ ತಿಳೀವಲ್ದು. ನಾ ಬೆಳಿಗ್ಗಿ ಇಬ್ಬರನ್ನೂ ಕಳಿಸಿ ಹೊಲಿಗಿ ಮಷೀನಿಗೆ ಕೂಡಬೇಕು. ಯೂಟ್ಯೂಬ್‌ನಾಗ ತೋರ್ಸೋ ಕ್ವಿನೋವಾ, ಅವಕಾಡೊ ನಮ್ಮೂರ ಸಂತ್ಯಾಗ ಸಿಗಂಗಿಲ್ಲ, ಸಿಕ್ಕರೂ ನಮ್ಮ ಕೈಗೆ ಎಟಕೋದಲ್ಲ. ಇಲ್ಲೇ ಸಿಗೋದ್ರಾಗ ಏನ್ ಮಾಡ್ಬಹುದು ಹೇಳ್ರಿ.

ಗಂಗಾವತಿ_ಅಡಗಿಮನಿ

ಅಕ್ಕಾರ, ರೊಟ್ಟಿ ಮುಟ್ಟಂಗಿಲ್ಲ ಅಂದ್ರ ಅದ್ರಾಗ ಹುಡುಗಿದು ತಪ್ಪಿಲ್ಲ ಬಿಡ್ರಿ. ಬೆಳಿಗ್ಗಿ ಏಳಕ್ಕ ಬಡಿದ ಜೋಳದ ರೊಟ್ಟಿ ಮಧ್ಯಾಹ್ನ ಒಂದಕ್ಕ ತೊಗಲಾಗಿರ್ತೈತಿ, ಅದನ್ನ ಹರ್ಕೊಂಡು ಪಲ್ಯಾ ಹಚ್ಕೊಂಡು ಅಗಿಯಾಕ ದೊಡ್ಡೋರಿಗೇ ಅರ್ಧ ತಾಸು ಬೇಕು. ಸಾಲ್ಯಾಗ ಊಟಕ್ಕ ಬಿಡೋದು ಇಪ್ಪತ್ತು ಇಪ್ಪತ್ತೈದು ನಿಮಿಷ, ಅದ್ರಾಗ ಕೈ ತೊಳಿಯೋ ಪಾಳಿ, ಮ್ಯಾಲೆ ಆಟ. ಚಿತ್ರಾನ್ನ ಯಾಕ ಖಾಲಿ ಆಗ್ತೈತಿ ಅಂದ್ರ ಚಮಚಾದಾಗ ಗಬಗಬ ಮುಗಿತೈತಿ, ಅಷ್ಟ. ಹಂಗಾಗಿ ಜೋಳ ಬಿಡಬ್ಯಾಡ್ರಿ, ಅದ್ರ ರೂಪ ಬದಲ್ ಮಾಡ್ರಿ.

ಮುಟಗಿ ಮಾಡ್ರಿ. ಈಗಿನ ಹುಡುಗೂರಿಗೆ ಇದು ಗೊತ್ತ ಇಲ್ಲ, ನಮ್ಮ ಅಜ್ಜಿ ಹೊಲಕ್ಕ ಹೋಗೋರಿಗೆ ಕಟ್ಟಿ ಕೊಡ್ತಿದ್ಲು. ಜೋಳದ ಹಿಟ್ಟಿಗೆ ಕುದಿಯೋ ಎಸರು ಹಾಕಿ ಚಲೋ ನಾದಬೇಕು, ಜೋಳಕ್ಕ ಗೋಧಿ ಹಂಗ ಜಿಗಟು ಇರಂಗಿಲ್ಲಲ್ಲ, ಎಸರು ಕುದಿಲಿಲ್ಲಂದ್ರ ಬಿರಿತೈತಿ. ಒಂದ ದಪ್ಪ ರೊಟ್ಟಿ ಬಡದು ಸಣ್ಣ ಉರಿಯಾಗ ಒಳಗ ತನಕ ಬೇಯಿಸ್ರಿ. ಬಿಸಿ ಇದ್ದಾಗನ ಒರಳಾಗ ಹಾಕಿ, ಎರಡು ಎಸಳು ಬಳ್ಳೊಳ್ಳಿ, ಜೀರಗಿ, ಉಪ್ಪು, ಒಂದು ಚಮಚ ತುಪ್ಪ ಹಾಕಿ ಕುಟ್ಟಿ, ಮುಷ್ಟಿಯೊಳಗ ಹಿಡಿದು ಒತ್ತಿಬಿಡ್ರಿ. ದೊಡ್ಡೋರಿಗಾದ್ರ ಹಸಿಮೆಣಸಿನಕಾಯಿ ಬೀಳ್ತೈತಿ, ಹುಡುಗರಿಗೆ ಬ್ಯಾಡ. ಲಿಂಬಿಕಾಯಿಯಷ್ಟು ಸಣ್ಣ ಮಾಡಿ ನಡುವ ಒಂದೀಟು ಶೇಂಗಾ ಹಿಂಡಿ (ಚಟ್ನಿಪುಡಿ) ಇಟ್ಟು ಒತ್ರಿ. ಆರಿದ್ರೂ ಮೆತ್ತಗ ಇರ್ತೈತಿ, ಪಲ್ಯ ಸೋರಿ ಪುಸ್ತಕ ಹಾಳಾಗೋ ಗೋಳಿಲ್ಲ, ಒಂದು ಕೈಯಾಗ ಆಟ ಒಂದು ಕೈಯಾಗ ಊಟ.

ತಾಲಿಪಟ್ಟೂ ಆಗ್ತೈತಿ. ಜೋಳದ ಹಿಟ್ಟು, ಕಡ್ಲಿ ಹಿಟ್ಟು, ಮೆಂತ್ಯಪಲ್ಯ ಸಣ್ಣಗ ಹೆಚ್ಚಿದ್ದು, ಗಜ್ಜರಿ ತುರಿದು ಹಾಕಿ ತಟ್ಟಿ, ಕತ್ತರಿಲೆ ನಾಕು ತುಂಡು ಮಾಡಿ ಡಬ್ಬಿಗೆ ಇಡ್ರಿ. ನಿನ್ನಿ ಉಳಿದ ಹೆಸರುಕಾಳು ಪಲ್ಯ ಇದ್ರ ಅದನ್ನೂ ಹಿಸುಕಿ ಹಿಟ್ಟಿಗೆ ಸೇರಿಸ್ರಿ, ಯಾರಿಗೂ ಗೊತ್ತಾಗಂಗಿಲ್ಲ.

ಎಲ್ಲಾರೂ ನೂಡಲ್ಸ್ ತರ್ತಾರ ಅನ್ನೋದಕ್ಕ ಒಂದು ಉಪಾಯ ಐತ್ರಿ. ನಿಮ್ಮ ಹುಡುಗಿ ಆಟೋದಾಗ ಹೋಗ್ತಾಳಂದ್ರ ಆ ಆಟೋದಾಗಿನ ಹುಡುಗರ ತಾಯಂದಿರು ಒಂದು ವಾಟ್ಸಾಪ್ ಗ್ರೂಪ್ ಮಾಡ್ಕೊಳ್ರಿ, ಸೋಮವಾರ ಎಲ್ಲಾರದೂ ಪಡ್ಡು, ಮಂಗಳವಾರ ಎಲ್ಲಾರದೂ ತಾಲಿಪಟ್ಟು, ಹಿಂಗ ಮಾತಾಡ್ಕೊಂಡ್ರ ನಾ ಒಬ್ಬಾಕಿ ಅನ್ನೋ ಮಾತ ಹುಟ್ಟಂಗಿಲ್ಲ. ನಮ್ಮ ಓಣ್ಯಾಗ ಇದು ನಡದೈತಿ, ಒಬ್ಬಾಕಿ ಮಾತ್ರ ಬುಧವಾರ ಬುಧವಾರ ಬ್ರೆಡ್ಡು ಜಾಮ್ ಹಾಕಿ ಕಳಿಸಿ ಜಗಳ ತರ್ತಾಳ, ಇರ್ಲಿ.

ಬಳ್ಳಾರಿ_ಬಿಸಿಲು

ಇವೆಲ್ಲ ಕೇಳೋಕೆ ಚೆನ್ನಾಗೈತೆ ಮೇಡಂ, ಆದ್ರೆ ಬೆಳಿಗ್ಗೆ ಆರಕ್ಕೆ ಎದ್ದು ಒರಳಲ್ಲಿ ಕುಟ್ಟೋರು ಯಾರು? ನಮ್ಮನೇಲಿ ಇಬ್ಬರೂ ಡ್ಯೂಟಿಗೆ ಹೋಗ್ಬೇಕು, ಡಬ್ಬಿ ಕಟ್ಟೋದು ನಾನೇ. ಹೆಂಗಸರೇ ಕಟ್ಟಬೇಕು ಅಂತ ಎಲ್ಲಿ ಬರ್ದೈತೆ?

ನನ್ನ ಪ್ರಕಾರ ಮಕ್ಕಳ ಡಬ್ಬಿಗಿಂತ ಮೊದ್ಲು ನಮ್ಮ ತಿಂಡಿ ನೋಡ್ಕೋಬೇಕು. ನಮ್ಮೂರಲ್ಲಿ ಬೆಳಿಗ್ಗೆ ಎದ್ರೆ ಮಂಡಕ್ಕಿ ಒಗ್ಗರಣೆ ಮಿರ್ಚಿ, ಸಂಜೆ ಮತ್ತೆ ಮಿರ್ಚಿ, ನಾವು ಕಾಗದದ ಪೊಟ್ಟಣದಾಗೆ ಮಿರ್ಚಿ ತಿಂತಾ ಮಗನಿಗೆ ಸೊಪ್ಪು ತಿನ್ನೋ ಅಂದ್ರೆ ಅವ್ನು ಕೇಳ್ತಾನಾ? ಒಗ್ಗರಣೆ ಕೆಟ್ಟದ್ದು ಅಂತ ಹೇಳ್ತಿಲ್ಲ ನಾನು, ಬೈಬೇಡಿ. ಬರೀ ಮಂಡಕ್ಕಿ ಅಂದ್ರೆ ಗಾಳಿ ತುಂಬಿದ ಅಕ್ಕಿ ಅಷ್ಟೇ, ಹೊಟ್ಟೇಲಿ ಒಂದು ಗಂಟೆ ನಿಲ್ಲಲ್ಲ. ಅದಕ್ಕೇ ಪುಟಾಣಿ (ಹುರಿಗಡಲೆ) ಹಿಟ್ಟು ಧಾರಾಳ ಹಾಕಿ, ಹುರಿದ ಶೇಂಗಾ ಒಂದು ಹಿಡಿ, ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಮೇಲೆ ನಿಂಬೆಹಣ್ಣು ಹಿಂಡಿದ್ರೆ ಹುಡುಗ್ರಿಗೆ ಒಳ್ಳೆ ಊಟಾನೇ. ಮಿರ್ಚಿ ಭಾನುವಾರಕ್ಕೆ ಇರ್ಲಿ. ಹತ್ತೇ ನಿಮಿಷದ ಕೆಲಸ. ಆದ್ರೆ ಡಬ್ಬಿಗೆ ಹಾಕೋದಾದ್ರೆ ಮೆತ್ತಗಾಗಿ ಮುದ್ದೆ ಆಗುತ್ತೆ, ಇದು ಮನೇಲಿ ಸಂಜೆ ಚಿಪ್ಸ್ ಬದ್ಲು ಕೊಡೋಕೆ ಸರಿ.

ಇನ್ನೊಂದು, ಬಿಸಿಲು. ಏಪ್ರಿಲ್ ಹತ್ರ ಬಂತು ಅಂದ್ರೆ ನಮ್ಮ ಕಡೆ 40 ಡಿಗ್ರಿ ದಾಟುತ್ತೆ, ಬ್ಯಾಗು ಕಿಟಕಿ ಪಕ್ಕ ಇಟ್ಟಿರ್ತಾರೆ, ಹಸಿ ಕೊಬ್ಬರಿ ಚಟ್ನಿ ಹನ್ನೆರಡಕ್ಕೆಲ್ಲ ಹುಳಿ ವಾಸನೆ. ಬಿಸಿ ಬಿಸಿ ತುಂಬಿ ಮುಚ್ಚಳ ಬಿಗಿದ್ರೂ ಬೆವರಿ ಕೆಡುತ್ತೆ, ಆರಿಸಿ ಮುಚ್ಚಿ. ಮೊಸರನ್ನ ಕಟ್ಟೋದಾದ್ರೆ ಅನ್ನಕ್ಕೆ ಹಾಲು ಜಾಸ್ತಿ ಹಾಕಿ ಒಂದು ಚಮಚ ಮೊಸರು ಬೆರೆಸಿ ಕಳಿಸಿ, ಊಟದ ಹೊತ್ತಿಗೆ ಅಲ್ಲೇ ಹೆಪ್ಪಾಗಿರುತ್ತೆ, ಹುಳಿ ಇರಲ್ಲ. ಚಟ್ನಿ ಬೇಕೇ ಬೇಕು ಅಂದ್ರೆ ಒಣ ಚಟ್ನಿಪುಡಿ.

ಮಾನ್ವಿ_ಮೇಷ್ಟ್ರು

ಬಿಸಿಯೂಟದ ಬಗ್ಗೆ ನಾ ಹೇಳ್ತೀನ್ರಿ, ದಿನಾ ಅದರಾಗೇ ಇರಾಂವ. ಮೊದ್ಲ ಒಂದು ಮಾತು, ಅಕ್ಷರ ದಾಸೋಹ, ಅಂದ್ರ ಈ ಬಿಸಿಯೂಟದ ಯೋಜನಾ, 2002ರಾಗ ಸುರು ಆಗಿದ್ದೇ ನಮ್ಮ ಈ ಕಡೆ ಜಿಲ್ಲಾಗಳಾಗ, ಆಮ್ಯಾಲೆ ಉಳಿದ ರಾಜ್ಯಕ್ಕ ಹೋತು. ಹಂಗಾಗಿ ಅದನ್ನ ಸರ್ಕಾರ ಕೊಡೋ ಪುಕ್ಕಟೆ ಅನ್ನ ಅಂತ ನೋಡ್ದೆ ನಮ್ಮ ಮಕ್ಕಳ ಹಕ್ಕು ಅಂತ ತಿಳ್ಕೊಂಡು ಕೇಳ್ರಿ, ಕೇಳಬೇಕು.

ಲೆಕ್ಕ ಹಿಂಗದ. ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ದಿನಕ್ಕ 100 ಗ್ರಾಂ ಅಕ್ಕಿ ಇಲ್ಲಾ ಗೋಧಿ, 20 ಗ್ರಾಂ ಬ್ಯಾಳಿ, 50 ಗ್ರಾಂ ಕಾಯಿಪಲ್ಯ, 5 ಗ್ರಾಂ ಎಣ್ಣಿ. ಇದರಿಂದ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಸಿಗಬೇಕು ಅಂತ ನಿಯಮ. ಆರರಿಂದ ಎಂಟರ ತನಕ 150 ಗ್ರಾಂ ಅಕ್ಕಿ, 30 ಗ್ರಾಂ ಬ್ಯಾಳಿ, 75 ಗ್ರಾಂ ಕಾಯಿಪಲ್ಯ, ಏಳೂವರೆ ಗ್ರಾಂ ಎಣ್ಣಿ; 700 ಕ್ಯಾಲರಿ, 20 ಗ್ರಾಂ ಪ್ರೋಟೀನ್. ನಿಮ್ಮ ಹುಡುಗ ಏಳನೇ ಕ್ಲಾಸ್ ಅಂದ್ರಿ, ಅಂದ್ರ ಅವನಂಥ ನೂರು ಹುಡುಗರಿದ್ದ ದಿನ ಕೊಪ್ಪರಿಗ್ಯಾಗ 3 ಕಿಲೋ ಬ್ಯಾಳಿ ಬೀಳಬೇಕು. ಸಾಂಬಾರ್ ನೀರಾದ್ರ ಮೊದ್ಲ ಈ ಲೆಕ್ಕ ಕೇಳ್ರಿ. ಹೆಡ್ಮಾಸ್ತರ್ ಹತ್ರ ಇಲ್ಲಾ ಎಸ್‌ಡಿಎಂಸಿ (ಸಾಲಿ ಅಭಿವೃದ್ಧಿ ಸಮಿತಿ) ಅಧ್ಯಕ್ಷರ ಹತ್ರ ಹೋಗಿ, ಜಗಳ ತಗೀದಂಗ, ಇವತ್ತು ಎಷ್ಟು ಮಕ್ಕಳು ಎಷ್ಟು ಬ್ಯಾಳಿ ಅಂತ ರಿಜಿಸ್ಟರ್ ತೋರಿಸ್ರಿ ಅನ್ರಿ. ಬಡಿಸೋಕಿಂತ ಮೊದ್ಲ ಟೀಚರ್ ಒಬ್ಬರು ರುಚಿ ನೋಡಬೇಕು ಅನ್ನೋ ನಿಯಮ ಅದ, ತಾಯಂದಿರೂ ಬಂದು ನೋಡಬಹುದು. ನಮ್ಮಲ್ಲಿ ಬರ್ರಿ ಬರ್ರಿ ಅಂತ ಕರದ್ರೂ ಯಾರೂ ಬರಂಗಿಲ್ಲ, ಆಮ್ಯಾಲೆ ಅಂಗಡಿ ಕಟ್ಟಿ ಮ್ಯಾಲೆ ಕೂತು ಬೈತಾರ.

ಊಟ ಬಿಟ್ಟು ಹಾಲು ಅದ, 2013ರಿಂದ ಕ್ಷೀರಭಾಗ್ಯ, ಹಾಲಿನ ಪುಡಿ ಕಲಿಸಿ ಒಬ್ಬೊಬ್ಬರಿಗೆ 150 ಮಿಲಿ. 2024ರಿಂದ ಅದಕ್ಕ ರಾಗಿ ಹೆಲ್ತ್ ಮಿಕ್ಸ್ ಸೇರ್ಯದ. ಮೊಟ್ಟಿ 2021ರ ಡಿಸೆಂಬರ್‌ದಾಗ ಮೊದ್ಲ ಬಂದದ್ದೂ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ, ಹಿಂಗ ಈ ಕಡೆ ಜಿಲ್ಲಾಗಳಿಗೆ. ಆವಾಗ ಎಷ್ಟು ಗದ್ದಲ ಆತು ನೆನಪದಲ್ಲ, ಗಂಗಾವತಿ ಹುಡುಗಿ ನಮಗ ಮೊಟ್ಟಿ ಬೇಕು ಅಂತ ಕ್ಯಾಮೆರಾ ಮುಂದ ಗದರಿಸಿದ್ದು ಎಲ್ಲಾರ ಮೊಬೈಲಿಗೂ ಬಂದಿತ್ತು. ಈಗ ತಿನ್ನೋರು ತಿಂತಾರ, ಒಲ್ಲದೋರಿಗೆ ಬಾಳಿಹಣ್ಣು, ಒಂದೇ ಸಾಲಿನಾಗ ಕೂತು ಉಣ್ತಾರ, ಯಾರಿಗೂ ಏನೂ ಆಗಿಲ್ಲ. ನಾನಂತೂ ಮೊಟ್ಟಿ ಇದ್ದ ದಿನ ಹಾಜರಿ ನೋಡಿ ಒಳಗೊಳಗ ನಗ್ತೀನಿ.

ಮತ್ತ, ಮನ್ಯಾಗ ಹೇಳಿ ಕಳಿಸ್ರಿ: ಬಿಸಿಯೂಟ ಅದ ಅಂತ ಬೆಳಿಗ್ಗಿ ಬರೀ ಚಾ ಕುಡಿಸಿ ಕಳಿಸಬ್ಯಾಡ್ರಿ. ಪ್ರಾರ್ಥನಾಕ್ಕ ನಿಂತಾಗ ಕಣ್ಣಿಗೆ ಕತ್ತಲಿ ಬಂದು ಕೂಡೋ ಹುಡುಗರು ಬಹಳ ಮಂದಿ ಅಂಥೋರೇ.

ಕುಷ್ಟಗಿ_ಹುಡುಗಿ

ಸಾಂಬಾರ್ ನೀರು ಅಂದಿದ್ದಕ್ಕ ನಂಗೂ ಒಂದೀಟು ಹೇಳೋದೈತಿ. ನಮ್ಮವ್ವ ಸಾಲ್ಯಾಗ ಬಿಸಿಯೂಟ ಮಾಡಾಕಿ. ಬೆಳಿಗ್ಗಿ ಹೋದ್ರ ಮೂರಕ್ಕ ಬರ್ತಾಳ, ಸಂಬಳ ಅಲ್ಲ ಅದು ಗೌರವಧನ ಅಂತಾರ, ಗೌರವ ಎಷ್ಟು ಧನ ಎಷ್ಟು ಅಂತ ಕೇಳಬ್ಯಾಡ್ರಿ. ಎಲ್ಲಾ ಕಡೆ ಅಡಗಿಯವರ ತಪ್ಪೇ ಇರಂಗಿಲ್ಲ, ಒಮ್ಮೊಮ್ಮೆ ಬ್ಯಾಳಿ ತಡ ಬರ್ತೈತಿ, ಕಾಯಿಪಲ್ಯ ರೇಟ್ ಏರಿದ್ರ ಕೊಟ್ಟ ರೊಕ್ಕ ಸಾಲಂಗಿಲ್ಲ, ಟೊಮೆಟೊ ನೂರು ರೂಪಾಯಿ ಆದಾಗ ಹುಣಸಿಹಣ್ಣಿಂದ ಸಾರು ಎಬ್ಬಿಸ್ಯಾರ.

ಅವ್ವ ಏನ್ ಮಾಡ್ತಾಳಂದ್ರ, ಹುಡುಗರು ಸೊಪ್ಪು ಕಂಡ್ರ ಬಟ್ಟಲ ಕಡಿಗೆ ಸರಸ್ತಾವು, ಅದಕ್ಕ ಪುಂಡಿಪಲ್ಯ, ಪಾಲಕ, ನುಗ್ಗಿಸೊಪ್ಪು ಯಾವ್ದು ಸಿಕ್ರೂ ತೊಳದು ಸಣ್ಣಗ ಹೆಚ್ಚಿ ತೊಗರಿಬ್ಯಾಳಿ ಜೋಡಿನ ಕುದಿಸಿ ಕಡಗೋಲಿಲೆ ಕಡದ ಬಿಡ್ತಾಳ. ಬ್ಯಾಳಿ ಮಂದ ಆಗ್ತೈತಿ, ಸೊಪ್ಪು ಆರಿಸಿ ತೆಗಿಯಾಕ ಬರಂಗಿಲ್ಲ. ಪುಂಡಿಗೆ ಹುಳಿ ಇರ್ತೈತಲ್ಲ, ಹುಡುಗರು ಕೈ ನೆಕ್ಕತಾವು. ನುಗ್ಗಿಸೊಪ್ಪು ಹೆಚ್ಚಾದ್ರ ಕಹಿ, ಒಂದು ಹಿಡಿ ಸಾಕು.

ಇನ್ನೊಂದು ಮಾತು ಎಲ್ಲಾ ತಾಯಂದಿರಿಗೂ ಹೇಳಬೇಕು. ಸಾಲಿಗೆ ಬರೋ ಅಕ್ಕ್ಯಾಗ, ರೇಶನ್ ಅಕ್ಕ್ಯಾಗೂ, ನಡುನಡುವ ಬ್ಯಾರೆ ಥರ ಕಾಳು ಇರ್ತಾವು, ಒಂದೀಟು ಹಳದಿ ಬಣ್ಣ, ತೊಳಿಯಾಕ ಹಾಕಿದ್ರ ಕೆಲವು ಮ್ಯಾಲೆ ತೇಲ್ತಾವು. ಪ್ಲಾಸ್ಟಿಕ್ ಅಕ್ಕಿ ಬಂದೈತಿ ಅಂತ ಊರೆಲ್ಲಾ ಗದ್ದಲ ಮಾಡಿದ್ರು ನಮ್ಮಲ್ಲಿ, ಸಾಲಿ ಮುಂದ ಮಂದಿ ನಿಂತಿತ್ತು. ಅದು ಪ್ಲಾಸ್ಟಿಕ್ ಅಲ್ಲ, ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆ್ಯಸಿಡ್, ಬಿ12 ಸೇರಿಸಿ ಮತ್ತ ಅಕ್ಕಿಕಾಳಿನ ಆಕಾರಕ್ಕ ತಂದಿರೋದು, ನೂರು ಕಿಲೋ ಅಕ್ಕಿಗೆ ಒಂದು ಕಿಲೋ ಬೆರಸ್ತಾರ. ರಕ್ತ ಕಡಿಮಿ ಅಂತ ಅದನ್ನ ಹಾಕಿರ್ತಾರ, ನಮ್ಮ ಮಂದಿ ಕೂತು ಅದನ್ನ ಆರಿಸಿ ಆರಿಸಿ ಚೆಲ್ತಾರ. ಮನಿ ರೇಶನ್ ಅಕ್ಕಿನೂ ಹತ್ತು ಸಲ ತಿಕ್ಕಿ ತೊಳೀಬ್ಯಾಡ್ರಿ, ಗಂಜಿ ಬಸಿದು ಚೆಲ್ಲಬ್ಯಾಡ್ರಿ.

ರಾಯಚೂರ_ಡಯಟ್

ಆಸ್ಪತ್ರ್ಯಾಗ ಮಕ್ಕಳ ಆಹಾರದ ಕೆಲಸ ಮಾಡ್ತೀನಿ, ಹಿಮೋಗ್ಲೋಬಿನ್ ವಿಷಯಕ್ಕಷ್ಟೇ ಬರ್ತೀನಿ. ಐದರಿಂದ ಹನ್ನೊಂದು ವರ್ಷದ ಮಕ್ಕಳಿಗೆ 11.5 ಗ್ರಾಂಗಿಂತ ಕೆಳಗ ಇದ್ರ ರಕ್ತಹೀನತೆ ಅಂತ ಲೆಕ್ಕ. ಚೀಟಿ ತಗೊಂಡು ಒಮ್ಮೆ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕ) ಹೋಗಿ ಸರಿಯಾಗಿ ಟೆಸ್ಟ್ ಮಾಡಿಸ್ರಿ, ಕಡಿಮಿ ಇದ್ರ ಬರೀ ಸೊಪ್ಪಿನ ಮ್ಯಾಲೆ ಭಾರ ಹಾಕಿ ಕೂಡೋದಲ್ಲ, ಔಷಧ ಬೇಕಾಗ್ತದ. ನಿಮ್ಮ ಮನಿ ಒಂದರದೇ ಕಥಿ ಅಲ್ಲ ಇದು, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆದಾಗ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಾಗ ನೂರಕ್ಕ 65 ಮಕ್ಕಳಿಗೆ ರಕ್ತ ಕಡಿಮಿ ಅಂತ ಬಂದದ.

ನಮ್ಮ ಕಡೆ ಏನಾಗ್ಯದ ಅಂದ್ರ, ಕಾಲುವಿ ನೀರು ಬಂತು, ಭತ್ತ ಬಂತು, ಮೂರು ಹೊತ್ತು ಅನ್ನ ಆತು. ಸೋನಾಮಸೂರಿ ನಮ್ಮ ಹೆಮ್ಮಿ, ಖರೆ, ನಂದೂ ಅದೇ ಊಟ. ಆದ್ರ 100 ಗ್ರಾಂ ಪಾಲಿಶ್ ಅಕ್ಕ್ಯಾಗ ಕಬ್ಬಿಣ ಒಂದು ಮಿಲಿಗ್ರಾಂನೂ ಇರಂಗಿಲ್ಲ, ಅಷ್ಟೇ ಜೋಳದಾಗ ಹತ್ರಹತ್ರ 4, ಸಜ್ಜ್ಯಾಗ 6ರ ಮ್ಯಾಲೆ. ಚಿತ್ರಾನ್ನ ತಿನ್ನಲಿ, ಬ್ಯಾಡ ಅನ್ನಬ್ಯಾಡ್ರಿ, ಅದಕ್ಕ ಶೇಂಗಾ ಮೂರು ಕಾಳಲ್ಲ ಒಂದು ಹಿಡಿ ಹಾಕ್ರಿ, ಮೊಳಕಿ ಬಂದ ಮಡಕಿಕಾಳು ಬೇಯಿಸಿ ಅದ್ರಾಗೇ ಕಲಿಸ್ರಿ, ಲಿಂಬಿಹಣ್ಣು ಹಿಂಡ್ರಿ. ಲಿಂಬಿ, ಪೇರಲ, ನೆಲ್ಲಿಕಾಯಿ ಯಾಕ ಹೇಳ್ತೀವಿ ಅಂದ್ರ ಸೊಪ್ಪು ಕಾಳಿನಾಗಿನ ಕಬ್ಬಿಣ ಸುಮ್ಮನ ಮೈಗೆ ಹತ್ತಂಗಿಲ್ಲ, ಸಿ ಜೀವಸತ್ವ ಜೋಡಿ ಇದ್ರ ಚಲೋ ಹತ್ತತದ. ಚಾ ಇದರ ಉಲ್ಟಾ, ಊಟದ ಜೋಡಿ ಕುಡದ್ರ ಕಬ್ಬಿಣ ಹತ್ತಗೊಡಂಗಿಲ್ಲ. ಮೂರನೇ ಕ್ಲಾಸಿನ ಕೂಸಿಗೆ ಚಾ ಯಾಕ ಬೇಕ್ರಿ, ನನಗಂತೂ ತಿಳಿಯಂಗಿಲ್ಲ, ಎಲ್ಲಾರ ಮನ್ಯಾಗೂ ಚಾ ಬಸಿ ಹಿಡ್ಕೊಂಡ ಕೂಸು ಇದ್ದೇ ಇರ್ತದ.

ಸಾಲ್ಯಾಗ ವಾರಕ್ಕೊಮ್ಮೆ ಕಬ್ಬಿಣದ ಗುಳಿಗಿ ಕೊಡ್ತಾರ, ಸಣ್ಣ ಕ್ಲಾಸಿಗೆ ಗುಲಾಬಿ, ದೊಡ್ಡೋರಿಗೆ ನೀಲಿ. ಹುಡುಗರು ಕಿಸೆದಾಗ ಇಟ್ಕೊಂಡು ಬಂದು ಬಚ್ಚಲಿಗೆ ಒಗೀತಾವು, ಯಾಕಂದ್ರ ಹಸಿದ ಹೊಟ್ಟ್ಯಾಗ ತಗೊಂಡ್ರ ಹೊಟ್ಟಿ ತೊಳಸ್ತದ. ಊಟ ಆದ ಮ್ಯಾಲೆ ನುಂಗಬೇಕು ಅಂತ ಹೇಳಿ ಕಳಿಸ್ರಿ. ಜಂತುಹುಳದ ಗುಳಿಗಿ ಫೆಬ್ರವರಿ, ಆಗಸ್ಟ್‌ದಾಗ ಕೊಡ್ತಾರ, ಅದನ್ನ ತಪ್ಪಿಸಬ್ಯಾಡ್ರಿ, ಹುಳ ಇದ್ರ ಏನ್ ಉಣಿಸಿದ್ರೂ ಹುಳಕ್ಕ ಉಣಿಸಿದಂಗೇ.

ಸಿಂಧನೂರ_ಅವ್ವ

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ. ಗಂಗಾವತಿ ಅಕ್ಕಾರ, ನಮ್ಮ ಮನ್ಯಾಗ ಒರಳು ಇಲ್ಲ, ಮಿಕ್ಸರ್‌ನಾಗ ಹಾಕಿದ್ರ ನಡಿತದೇನು ಮುಟಗಿ? ಮತ್ತ ಮೇಷ್ಟ್ರೆ, ಸಾಲಿ ಗೇಟಿಗೇ ಹಚ್ಚಿ ಒಂದು ಡಬ್ಬಾ ಅಂಗಡಿ ಅದ, ಎಲ್ಲಾ ಹುಡುಗರೂ ಅಲ್ಲೇ ಬಣ್ಣದ ಪೆಪ್ಸಿ ಚಿಪ್ಸ್ ತಿಂತಾವು, ಅದಕ್ಕೇನಾರ ಕಾಯ್ದೆ ಅದನ್ರಿ?

ಗಂಗಾವತಿ_ಅಡಗಿಮನಿ

ಮಿಕ್ಸರ್‌ನಾಗ ಒಂದೆರಡು ಸಲ ಗರ್ರ್ ಅನಿಸಿ ನಿಲ್ಲಿಸ್ರಿ, ನುಣ್ಣಗಾದ್ರ ಹಿಟ್ಟಾಗಿ ಒಣಒಣ ಆಗ್ತೈತಿ, ತರಿತರಿ ಇರಬೇಕು. ತುಪ್ಪ ಮಿಕ್ಸರ್‌ಗೆ ಹಾಕಬ್ಯಾಡ್ರಿ, ತಾಟಿಗೆ ತಗದ ಮ್ಯಾಲೆ ಕೈಲೆ ಕಲಿಸ್ರಿ. ಇಲ್ಲಂದ್ರ ಲಟ್ಟಣಿಗಿ ತುದೀಲೆ ದಪ್ಪ ಪಾತೇಲಿಯಾಗ ಕುಟ್ರಿ, ಬಳ್ಳಾರಿ ಅಣ್ಣಾರೂ ಕೇಳಿಸ್ಕೊಳ್ರಿ, ಐದು ನಿಮಿಷ ಹಿಡಿಯಂಗಿಲ್ಲ.

ಬಳ್ಳಾರಿ_ಬಿಸಿಲು

ಆಯ್ತು ಮೇಡಂ ಭಾನುವಾರ ಟ್ರೈ ಮಾಡ್ತೀನಿ, ಸೋಮವಾರ ಗ್ಯಾರಂಟಿ ಇಲ್ಲ 😄

ಮಾನ್ವಿ_ಮೇಷ್ಟ್ರು

ಕಾಯ್ದೆ ಅದ್ರಿ. 2020ರಾಗ ಆಹಾರ ಸುರಕ್ಷತಾ ಪ್ರಾಧಿಕಾರದವರು ನಿಯಮ ಮಾಡ್ಯಾರ, ಸಾಲಿ ಒಳಗ ಮತ್ತ ಗೇಟಿಂದ ಸುತ್ತ 50 ಮೀಟರ್‌ದಾಗ ಕೊಬ್ಬು, ಸಕ್ಕರಿ, ಉಪ್ಪು ಅತಿಯಾಗಿರೋ ತಿನಿಸು ಮಕ್ಕಳಿಗೆ ಮಾರಂಗಿಲ್ಲ. ಪಾಲನಾ ಆಗೋದು ಎಷ್ಟು ಅಂತ ನಿಮಗೂ ಗೊತ್ತು ನನಗೂ ಗೊತ್ತು. ಪಾಲಕರ ಸಭಾದಾಗ ಈ ವಿಷಯ ಎತ್ತಿ ಸಾಲಿಯವರ ಕಡಿಂದನೇ ಪತ್ರ ಬರೆಸ್ರಿ, ಆಹಾರ ಸುರಕ್ಷತಾ ಅಧಿಕಾರಿಗಳು ತಾಲೂಕಿಗೆ ಇರ್ತಾರ, ಪತ್ರ ಅವರಿಗೆ ಹೋಗಬೇಕು. ಆದ್ರ ಅಂಗಡಿಯಾಕಿ ಬಡ ಮುದುಕಿ ಗಿದುಕಿ ಇದ್ರ ಮೊದ್ಲೇ ಕಂಪ್ಲೇಂಟ್ ಕೊಡಬ್ಯಾಡ್ರಿ, ಆಕಿ ಹೊಟ್ಟಿನೂ ನಡೀಬೇಕಲ್ಲ. ನಮ್ಮ ಸಾಲಿ ಹತ್ರದಾಕಿಗೆ ನಾವು ಹುರಿದ ಶೇಂಗಾ, ಪುಟಾಣಿ-ಬೆಲ್ಲ, ಬಾರಿಹಣ್ಣು, ಪೇರಲ ಇಡು ಬೇ, ಹುಡುಗರನ್ನ ನಿನ್ನ ಕಡಿಗೇ ಕಳಿಸ್ತೀವಿ ಅಂತ ಹೇಳಿ ಕೂಡ್ಸೀವಿ. ಪಾಕೀಟು ಪೂರ್ತಿ ನಿಂತಿಲ್ಲ, ಹಿಂದಿನ ಸಾಲಿಗೆ ಸರದಾವ, ಮುಂದ ಪೇರಲ ಬುಟ್ಟಿ ಬಂದದ. ಐದು ರೂಪಾಯಿಗೆ ಒಂದು, ಉಪ್ಪು ಖಾರ ಹಚ್ಚಿ ಕೊಡ್ತಾಳ, ಖಾರ ಕಡಿಮಿ ಹಚ್ಚು ಅಂತ ಇನ್ನೂ ಹೇಳಬೇಕಾಗ್ಯದ.